ನೂತನ ದಿನಸಿ ಮಳಿಗೆಯ ಸಂದರ್ಶನ

ಯಾತ್ರೆಯೆಂದೊಡನೆ ನಮ್ಮವರ ಮನಸ್ಸು ಕಾಶೀ ರಾಮೇಶ್ವರಗಳಿಗೋ ಬೇಲೂರು ಹಳೇಬೀಡುಗಳಿಗೋ ಹಾರುವುದು ಸಹಜ. ಆದರೆ ಗೃಹಸ್ಥನಾದವನು ತನ್ನ ಜೀವಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೈಗೊಳ್ಳುವ ಯಾತ್ರೆ ಯಾವುದೆಂದು ಲೆಕ್ಕಹಾಕಿದರೆ, ಅದು ದಿನಸಿ ಅಂಗಡಿಯ ಯಾತ್ರೆಯೇ ಎಂದು ತೋರದಿರದು. ನಿತ್ಯವೂ ನಡೆಯುವ ಈ ಯಾತ್ರೆಯ ವೃತ್ತಾಂತವನ್ನು ಬರೆಯುವವರು ವಿರಳ. ಈಚೆಗೆ ನಮ್ಮ ಬಡಾವಣೆಗೆ ಸಮೀಪದಲ್ಲಿ ಒಂದು ದೊಡ್ಡ ದಿನಸಿ ಮಳಿಗೆ ಜೀರ್ಣೋದ್ಧಾರವಾಗಿ ನೂತನ ವೈಭವದಿಂದ ತೆರೆಯಿತು. ಅಲ್ಲಿಗೆ ಕುಟುಂಬಸಮೇತರಾಗಿ ಹೋಗಿಬಂದೆವು. ಮನೆವಾರ್ತೆ ನಡೆಸುವ ವಾಚಕರಿಗೆ ಅದರಿಂದ ಏನಾದರೂ ಪ್ರಯೋಜನವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ವಾಸ ಬೆಂಗಳೂರಿನ ಬಸವನಗುಡಿಯಲ್ಲಿ. 1898ರ ಪ್ಲೇಗಿನ ತರುವಾಯ ಊರಿನ ಇಕ್ಕಟ್ಟನ್ನು ಬಿಡಿಸಲು ಬೆಳೆಸಿದ ಬಡಾವಣೆಯಿದು. ಇಲ್ಲಿಯವರು ಸಾಮಾನು ತರುವ ವಿಷಯದಲ್ಲಿ ಭಾಗ್ಯವಂತರೆಂದೇ ಹೇಳಬೇಕು. ಗಾಂಧಿಬಜಾರಿನಲ್ಲಿ ಹೂವು, ಹಣ್ಣು, ವೀಳ್ಯದೆಲೆ, ಪೂಜಾಸಾಮಗ್ರಿ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಡಲೆಕಾಯಿ ಪರಿಷೆ. ಅವರೆಯ ಕಾಲದಲ್ಲಿ ಸೊಗಡಿನ ಅವರೆಕಾಯಿಯ ರಾಶಿಗಳು. ಸಗಟಾಗಿ ಬೇಕಾದರೆ 1928ರಲ್ಲಿ ಕಟ್ಟಿದ ಕೃಷ್ಣರಾಜೇಂದ್ರ ಮಾರುಕಟ್ಟೆ ದೂರವಲ್ಲ. ತರಕಾರಿಗೆ 1959ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘದ, ಎಂದರೆ ಹಾಪ್‌ಕಾಮ್ಸಿನ, ಮಳಿಗೆಗಳುಂಟು. ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ಬೀದಿಯ ತಿರುವಿನಲ್ಲಿ ಶೆಟ್ಟರ ಅಂಗಡಿಯುಂಟು. ಅಗಲ ಹತ್ತು ಅಡಿ; ಉದ್ದ ಎಷ್ಟೆಂಬುದನ್ನು ಮೂಟೆಗಳ ಹಿಂದೆ ಹೋಗಿ ನೋಡಿದವರಿಲ್ಲ.

ಹೀಗಿರುವಾಗ ನೂತನ ಮಳಿಗೆಗೆ ಹೋಗುವ ಅಗತ್ಯವೇನು ಬಂತೆಂದು ಕೇಳಬಹುದು. ನಮ್ಮ ಮನೆಯವರಿಗೆ ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಎಂಟು ತಿಂಗಳ ಕಾಲ ಅವರು ಒಂದು ಸೇರು ಬೇಳೆಯನ್ನೂ ಸ್ವಂತ ಕೈಯಿಂದ ಆರಿಸಿ ತಂದಿರಲಿಲ್ಲ. ಗಾಂಧಿಬಜಾರಿನ ಏರುಪೇರಾದ ಕಾಲುದಾರಿಯಲ್ಲಿ ನಡೆಯುವುದಕ್ಕೆ ಧೈರ್ಯವಿಲ್ಲ. ಶೆಟ್ಟರ ಅಂಗಡಿಯ ಮುಂದೆ ನಿಲ್ಲುವುದಕ್ಕೆ ಶಕ್ತಿಯಿಲ್ಲ. ಸೊಸೆ ಉದ್ಯೋಗಕ್ಕೆ ಹೋಗುವವಳು. ದೂರವಾಣಿಯಲ್ಲಿ ಬೆರಳಾಡಿಸಿ ಹತ್ತು ನಿಮಿಷದೊಳಗೆ ಸಾಮಾನನ್ನು ಬಾಗಿಲಿಗೆ ತರಿಸುತ್ತಿದ್ದಳು. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ನಲವತ್ತು ವರ್ಷ ಮನೆಯ ಉಗ್ರಾಣವನ್ನು ನೋಡಿಕೊಂಡವರು, ತಮ್ಮ ಅಡುಗೆಗೆ ಮತ್ತೊಬ್ಬರು ಆರಿಸಿದ ಪೊಟ್ಟಣವನ್ನು ಒಡೆಯುವಾಗ ಮೌನವಾಗಿರುತ್ತಿದ್ದುದನ್ನು ನಾನು ಗಮನಿಸಿದ್ದೆ. ಸೊಸೆಯೂ ಗಮನಿಸಿದ್ದಳೆಂದು ಆಮೇಲೆ ತಿಳಿಯಿತು. “ಅತ್ತೆ, ಆ ಅಂಗಡಿಯನ್ನು ಈಗ ಹೊಸದಾಗಿ ಮಾಡಿದ್ದಾರೆ. ನೆಲ ಸಮವಾಗಿದೆ, ಮೆಟ್ಟಿಲಿಲ್ಲ. ನೀವೇ ಬಂದು ನೋಡಿ. ಸರಿಹೋದರೆ ತಿಂಗಳ ಸಾಮಾನೆಲ್ಲ ಇನ್ನು ಅಲ್ಲಿಂದಲೇ ತರೋಣ” ಎಂದು ಅವಳೇ ಹೊರಡಿಸಿದಳು. ಮಗ ಕಾರನ್ನು ತೆಗೆದನು. ಎಂಟು ವರ್ಷದ ಮೊಮ್ಮಗಳು ಎಲ್ಲರಿಗಿಂತ ಮೊದಲು ಹತ್ತಿ ಕುಳಿತಳು.

ಆ ಮಳಿಗೆ ಮೊದಲು ಸಾಧಾರಣವಾದ ಕಟ್ಟಡವಾಗಿತ್ತು. ಈಗ ಮುಂಭಾಗವೆಲ್ಲ ಗಾಜು. ನಾವು ಸಮೀಪಿಸಿದೊಡನೆ ಬಾಗಿಲು ತಾನಾಗಿಯೇ ಸರಿಯಿತು. ಒಳಗಿನ ತಂಪುಗಾಳಿ ಮುಖಕ್ಕೆ ತಗುಲಿತು. ನೆಲ ಕನ್ನಡಿಯಂತೆ ನುಣುಪು, ಆದರೆ ಜಾರುವುದಿಲ್ಲ. ಮಂದವಾದ ಹಳದಿ ಬೆಳಕು ಹಣ್ಣುಗಳ ಮೇಲೆ ಮಾತ್ರ ಬೀಳುವಂತೆ ದೀಪಗಳನ್ನು ಜೋಡಿಸಿದ್ದಾರೆ. ಒಂದು ಮೂಲೆಯಲ್ಲಿ ರೊಟ್ಟಿ ಬೇಯಿಸುವ ಒಲೆ. ಅದರ ಪರಿಮಳ ಬಾಗಿಲಿನವರೆಗೂ ಬರುತ್ತದೆ. ಸೊಪ್ಪಿನ ಹಲಗೆಗಳ ಮೇಲೆ ಆಗಾಗ ಮಂಜಿನಂತೆ ನೀರಿನ ತುಂತುರು ಬೀಳುತ್ತದೆ. ಮೊಮ್ಮಗಳು ಅಲ್ಲಿಯೇ ಕೈಚಾಚಿ ನಿಂತುಬಿಟ್ಟಳು.

ಮಗನು ಚಕ್ರದ ಕೈಗಾಡಿಯೊಂದನ್ನು ತಂದನು. ಮನೆಯವರು ಅದರ ಹಿಡಿಯ ಮೇಲೆ ಎರಡೂ ಕೈಗಳನ್ನೂರಿ ಎರಡು ಹೆಜ್ಜೆ ಇಟ್ಟರು. ಮತ್ತೆ ನಾಲ್ಕು ಇಟ್ಟರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, “ಇದು ನಿಮ್ಮ ಹತ್ತಿರ ಇರಲಿ” ಎಂದು ಹೇಳಿ, ಗಾಡಿಯನ್ನು ತಾವೇ ನೂಕಿಕೊಂಡು ಮುಂದೆ ಹೊರಟರು. ಈ ಕೈಗಾಡಿ 1937ರಲ್ಲಿ ಅಮೆರಿಕೆಯ ಓಕ್ಲಹಾಮಾ ನಗರದಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ವರ್ತಕನಿಂದ ಬಳಕೆಗೆ ಬಂದದ್ದು. ಗಿರಾಕಿಗಳು ಹೆಚ್ಚು ಕೊಳ್ಳಲಿ ಎಂಬುದು ಅವನ ಉದ್ದೇಶ. ಮೊದಲು ಯಾರೂ ಮುಟ್ಟದ ಕಾರಣ ಸಂಬಳ ಕೊಟ್ಟು ಕೆಲವರಿಂದ ಗಾಡಿ ನೂಕಿಸಿದನಂತೆ. ಮಾಡಿದವನ ಉದ್ದೇಶವೇನೇ ಇರಲಿ, ಎಂಟು ತಿಂಗಳ ಮೇಲೆ ನಮ್ಮ ಮನೆಯವರು ಯಾರ ತೋಳನ್ನೂ ಹಿಡಿಯದೆ ನಡೆದದ್ದು ಆ ಗಾಡಿಯಿಂದ.

ಸಾಮಾನನ್ನು ಗಿರಾಕಿಯೇ ಕೈಯಾರೆ ತೆಗೆದುಕೊಳ್ಳುವ ಪದ್ಧತಿಯೂ ಬಹಳ ಹಳೆಯದಲ್ಲ. 1916ರಲ್ಲಿ ಅಮೆರಿಕೆಯ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಪಿಗ್ಲಿ ವಿಗ್ಲಿ ಎಂಬ ವಿಚಿತ್ರನಾಮದ ಅಂಗಡಿಯನ್ನು ತೆರೆದು ಇದನ್ನು ಪ್ರಚಾರಕ್ಕೆ ತಂದನು. ಅದಕ್ಕೆ ಮುಂಚೆ ಅಲ್ಲಿಯೂ ನಮ್ಮ ಶೆಟ್ಟರ ಅಂಗಡಿಯ ಕ್ರಮವೇ ಇತ್ತು: ಕೊಳ್ಳುವವನು ಹೊರಗೆ, ಮಾರುವವನು ಒಳಗೆ, ನಡುವೆ ಒಂದು ಹಲಗೆ. ಆ ಹಲಗೆಯನ್ನು ತೆಗೆದುಹಾಕಿದ್ದರಿಂದ ಆಳುಗಳ ಸಂಬಳ ಉಳಿಯಿತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುವ ಆಸೆಯೂ ಬೆಳೆಯಿತು.

ಮಳಿಗೆಯೊಳಗೆ ಸಾಲುಸಾಲಾಗಿ ವಿಂಗಡಿಸಿದ ಪದಾರ್ಥಗಳನ್ನು ನೋಡಿದಾಗ ನನಗೆ ಅಮರಕೋಶ ನೆನಪಾಯಿತು. ಅದರ ದ್ವಿತೀಯಕಾಂಡದ ವೈಶ್ಯವರ್ಗದಲ್ಲಿ ಧಾನ್ಯಗಳು, ಮೆಣಸು, ಜೀರಿಗೆ, ಇಂಗು, ಉಪ್ಪು ಮುಂತಾದವುಗಳ ಹೆಸರುಗಳೆಲ್ಲ ವರ್ಗಕ್ರಮದಿಂದ ಬರುತ್ತವೆ. ಇಲ್ಲಿಯೂ ಹಾಗೆಯೇ ಧಾನ್ಯವರ್ಗ, ತೈಲವರ್ಗ, ಕ್ಷೀರವರ್ಗ. ಸಿರಿಧಾನ್ಯಗಳಿಗೆಂದೇ ಒಂದು ಸಾಲಿದೆ: ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಬಡವರ ಊಟವೆನಿಸಿದ್ದ ಇವಕ್ಕೆ ಬಣ್ಣದ ಪೊಟ್ಟಣ ದೊರೆತಿದೆ. ಕಂಗು, ಪ್ರಿಯಂಗು ಎಂದರೆ ನವಣೆ. ಕೋದ್ರವವೆಂದರೆ ಹಾರಕ ಎಂದು ಮೊಮ್ಮಗಳಿಗೆ ಹೇಳಿಕೊಟ್ಟೆ. ಅವಳು ಪಕ್ಕದ ಸಾಲಿಗೆ ಓಡಿ, “ತಾತ, ಇದಕ್ಕೆ ಸಂಸ್ಕೃತದಲ್ಲಿ ಏನು?” ಎಂದು ಒಂದು ಡಬ್ಬಿಯನ್ನು ತೋರಿಸಿದಳು. ದಕ್ಷಿಣ ಅಮೆರಿಕೆಯ ಕಿನೋವಾ ಎಂಬ ಧಾನ್ಯ. ಅಮರಸಿಂಹನಿಗೆ ಅದು ಗೊತ್ತಿರಲಿಲ್ಲವೆಂದು ಹೇಳಬೇಕಾಯಿತು.

ಹಣ್ಣುಗಳ ಸಾಲಿನಲ್ಲಿ ನ್ಯೂಜಿಲೆಂಡಿನ ಕಿವಿಹಣ್ಣು, ಹೊರದೇಶದ ಸೇಬು, ಮತ್ತು ಒಂದೊಂದನ್ನೂ ಕಾಗದದ ಬಲೆಯಲ್ಲಿ ಹೊದಿಸಿಟ್ಟ ಆವಕಾಡೊ. “ಇದು ನಮ್ಮ ಬೆಣ್ಣೆಹಣ್ಣಲ್ಲವೆ?” ಎಂದರು ಮನೆಯವರು. ಕೊಡಗಿನ ಕಾಫಿತೋಟಗಳಲ್ಲಿ ನೆರಳಿನ ಮರವಾಗಿ ಬೆಳೆದು, ನೆಂಟರು ಬಂದಾಗ ಚೀಲ ತುಂಬಿ ಕೊಡುತ್ತಿದ್ದ ಹಣ್ಣು ಇಲ್ಲಿ ಎರಡಕ್ಕೆ ಮುನ್ನೂರು ರೂಪಾಯಿ. ಅದರ ಸಮೀಪದಲ್ಲಿಯೇ ನಮ್ಮ ನಾಡಿನ ಹೆಮ್ಮೆಯ ವಸ್ತುಗಳಿಗೂ ಪ್ರತ್ಯೇಕವಾದ ಒಂದು ಹಲಗೆ ಇದ್ದುದು ಸಂತೋಷದ ವಿಷಯ: ನಂಜನಗೂಡಿನ ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿಯ ಮೆಣಸಿನಕಾಯಿ. ಈ ಮೂರಕ್ಕೂ ಆಯಾ ಸ್ಥಳದ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಭೌಗೋಳಿಕ ಗುರುತು ದೊರೆತಿದೆ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಬಣ್ಣ ಹೆಚ್ಚು, ಖಾರ ಕಡಮೆ. ಮನೆಯವರು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, “ಸುಕ್ಕು ಸರಿಯಾಗಿದೆ. ಮುರಿದು ನೋಡೋಣವೆಂದರೆ ಬಾಯಿ ಹೊಲಿದುಬಿಟ್ಟಿದ್ದಾರೆ” ಎಂದು ಹಿಂದಕ್ಕೆ ಇಟ್ಟರು. ಇಂಗಿನ ಡಬ್ಬಿಯೂ ಹಾಗೆಯೇ. “ಮೂಸಿ ನೋಡದೆ ಇಂಗು ಕೊಳ್ಳುವುದು ಹೇಗೆ?” ಎಂಬ ಅವರ ಪ್ರಶ್ನೆಗೆ ಅಲ್ಲಿದ್ದ ಹುಡುಗಿ ನಕ್ಕಳೇ ಹೊರತು ಉತ್ತರ ಹೇಳಲಿಲ್ಲ.

ಅಷ್ಟರಲ್ಲಿ ಮತ್ತೊಂದು ತೊಡಕು ಕಾಣಿಸಿತು. ಹೊರಗಿನ ನಾಮಫಲಕದಲ್ಲಿ ಕನ್ನಡ ದೊಡ್ಡದಾಗಿಯೇ ಇತ್ತು. 2024ರ ತಿದ್ದುಪಡಿಯಾದ ಕಾನೂನಿನಂತೆ ಫಲಕದ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕಷ್ಟೆ. ಒಳಗೆ ಮಾತ್ರ ಕನ್ನಡದ ಒಂದಕ್ಷರವೂ ಇಲ್ಲ. ಮನೆಯವರಿಗೆ ಇಂಗ್ಲಿಷ್ ಅಕ್ಷರಗಳು ಗೊತ್ತು. ಆದರೆ ಸಣ್ಣಕ್ಷರದ ಚೀಟಿಯನ್ನು ಓದುವಷ್ಟು ಅಭ್ಯಾಸವಿಲ್ಲ. ಬೇಳೆಗಳನ್ನು ಕಣ್ಣಿನಿಂದ ಗುರುತಿಸಿದರು. ಹಿಟ್ಟುಗಳ ಸಾಲಿಗೆ ಬಂದಾಗ ಕೈ ನಿಂತಿತು. ಅಕ್ಕಿಹಿಟ್ಟು, ಮೈದಾ, ಜೋಳದ ಹಿಟ್ಟು ಎಲ್ಲವೂ ಬಿಳಿಯ ಪೊಟ್ಟಣಗಳೇ. ಎಂಟು ವರ್ಷದ ಮಗು ಅಜ್ಜಿಗೆ ಒಂದೊಂದನ್ನೇ ಓದಿ ಹೇಳುತ್ತ ಹೋಯಿತು. ಅಜ್ಜಿಗೆ ಮೊಮ್ಮಗಳು ಓದಿ ಹೇಳುವುದು ಸಂತೋಷದ ಸಂಗತಿಯೇ. ಆದರೂ ತನ್ನ ನಾಡಿನ ಅಂಗಡಿಯಲ್ಲಿ ತನ್ನ ಅಡುಗೆಯ ಹಿಟ್ಟನ್ನು ಕೊಳ್ಳುವುದಕ್ಕೆ ಗೃಹಿಣಿಗೆ ದುಭಾಷಿ ಏಕೆ ಬೇಕು?

ಇದೇ ವೇಳೆಗೆ, “ಮೇಷ್ಟ್ರೇ, ನಮಸ್ಕಾರ. ಗುರುತು ಸಿಕ್ಕಿತೆ?” ಎಂಬ ಧ್ವನಿ ಕೇಳಿಸಿತು. ನನ್ನ ಹಳೆಯ ಶಿಷ್ಯ. ವಿಭಕ್ತಿ ಪ್ರತ್ಯಯಗಳಲ್ಲಿ ಎಂದೂ ಪಾಸಾಗದವನು ಇಲ್ಲಿ ಧಾನ್ಯವಿಭಾಗದ ಮೇಲ್ವಿಚಾರಕನಾಗಿದ್ದಾನೆ. ಸಮವಸ್ತ್ರ ತೊಟ್ಟು, ಹೆಸರಿನ ಬಿಲ್ಲೆ ಕಟ್ಟಿಕೊಂಡು, ಬಹಳ ಗೌರವದಿಂದ ನಮ್ಮನ್ನು ಸುತ್ತಾಡಿಸಿದನು. ಹಾಲು ಮೊಸರುಗಳನ್ನು ಕಟ್ಟಕಡೆಯ ಗೋಡೆಗೆ ಏಕೆ ಇಟ್ಟಿದ್ದೀರೆಂದು ಕೇಳಿದೆ. “ದಿನವೂ ಬೇಕಾದದ್ದು ಹಿಂದೆ ಇದ್ದರೆ, ಬಂದವರು ಅಂಗಡಿಯೆಲ್ಲ ನೋಡಿಕೊಂಡು ಹೋಗುತ್ತಾರೆ, ಮೇಷ್ಟ್ರೇ. ಬೆಲೆ ಹೆಚ್ಚಿನ ಮಾಲು ಕಣ್ಣಿನ ಮಟ್ಟಕ್ಕೆ, ಅಗ್ಗದ್ದು ಕೆಳಗೆ. ಮಕ್ಕಳದ್ದು ಮಕ್ಕಳ ಕಣ್ಣಿನ ಮಟ್ಟಕ್ಕೆ” ಎಂದನು. ಆ ಮಾತು ಮುಗಿಯುವುದರೊಳಗೆ ಮೊಮ್ಮಗಳು ಬಣ್ಣದ ಡಬ್ಬಿಯೊಂದನ್ನು ಗಾಡಿಗೆ ಸೇರಿಸಿಯಾಗಿತ್ತು. ಅವನ ಸಂಬಳ ಸಾರಿಗೆಗಳನ್ನೂ ವಿಚಾರಿಸಿದೆ. ತಿಂಗಳಿಗೆ ಸರಿಯಾಗಿ ಸಂಬಳ, ಭವಿಷ್ಯನಿಧಿ, ವಾರಕ್ಕೊಂದು ರಜೆ. ಆದರೆ ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಶೆಟ್ಟರ ಅಂಗಡಿಯ ಹುಡುಗನಿಗೆ ಮೂಟೆಯ ಮೇಲೆ ಕುಳಿತುಕೊಳ್ಳುವ ಸ್ವಾತಂತ್ರ್ಯವುಂಟು; ಭವಿಷ್ಯನಿಧಿಯಿಲ್ಲ. ಎರಡನ್ನೂ ತೂಗಿ ನೋಡತಕ್ಕವರು ಇದನ್ನೂ ತಕ್ಕಡಿಗೆ ಹಾಕಬೇಕು.

ಹಣ ಕೊಡುವ ಸ್ಥಳದಲ್ಲಿ ಪ್ರತಿಯೊಂದು ಪೊಟ್ಟಣದ ಕಪ್ಪುಗೆರೆಗಳನ್ನು ಯಂತ್ರಕ್ಕೆ ತೋರಿಸುತ್ತಾರೆ. ಈ ಗೆರೆಗಳನ್ನು ಅಂಗಡಿಯಲ್ಲಿ ಮೊಟ್ಟಮೊದಲು ಓದಿದ್ದು 1974ರ ಜೂನ್ 26ರಂದು, ಅಮೆರಿಕೆಯ ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ. ಆ ವಸ್ತು ಅಗಿಯುವ ಗೋಂದಿನ ಒಂದು ಪೊಟ್ಟಣ. ಗೆರೆಗಳ ಕೆಳಗಿನ 13 ಅಂಕೆಗಳಲ್ಲಿ ಮೊದಲು 890 ಇದ್ದರೆ ಆ ಸಂಖ್ಯೆಯನ್ನು ಕೊಟ್ಟದ್ದು ಭಾರತದ ಸಂಸ್ಥೆಯೆಂದು ಅರ್ಥ. ವಸ್ತು ಇಲ್ಲಿಯೇ ತಯಾರಾಯಿತೆಂದು ಅರ್ಥವಲ್ಲ. ಕಡೆಯ ಅಂಕೆ ಕಾವಲುಗಾರನಿದ್ದಂತೆ. ಮಕ್ಕಳಿಗೆ ಒಳ್ಳೆಯ ಲೆಕ್ಕವಾದ್ದರಿಂದ ಇಲ್ಲಿ ಬರೆಯುತ್ತೇನೆ. ಉದಾಹರಣೆಗೆ 8901234567890 ಎಂದಿಟ್ಟುಕೊಳ್ಳಿ. ಮೊದಲ ಹನ್ನೆರಡು ಅಂಕೆಗಳಲ್ಲಿ ಬೆಸಸ್ಥಾನದವು 8, 0, 2, 4, 6, 8, ಕೂಡಿದರೆ 28. ಸಮಸ್ಥಾನದವು 9, 1, 3, 5, 7, 9. ಕೂಡಿದರೆ 34, ಮೂರರಿಂದ ಗುಣಿಸಿದರೆ 102. ಒಟ್ಟು 130. ಇದಕ್ಕೆ ಎಷ್ಟು ಸೇರಿಸಿದರೆ ಹತ್ತರ ಗುಣಕವಾಗುವುದೋ ಅದೇ ಕಡೆಯ ಅಂಕೆ. 130 ಈಗಾಗಲೇ ಹತ್ತರ ಗುಣಕವಾದ್ದರಿಂದ ಇಲ್ಲಿ ಸೊನ್ನೆ. ಯಂತ್ರ ಒಂದಂಕೆಯನ್ನು ತಪ್ಪಾಗಿ ಓದಿದರೂ ಲೆಕ್ಕ ಕೂಡದೆ ಸಿಕ್ಕಿಬೀಳುತ್ತದೆ. ಮೊಮ್ಮಗಳು ಅಂದಿನಿಂದ ಮನೆಯ ಡಬ್ಬಿಗಳನ್ನೆಲ್ಲ ಪರೀಕ್ಷಿಸುತ್ತಿದ್ದಾಳೆ.

ತೂಕದ ವಿಷಯದಲ್ಲಿ ನಮ್ಮ ಪೂರ್ವಿಕರೂ ಉದಾಸೀನರಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಕ್ಕಡಿ ಬಟ್ಟುಗಳ ಮೇಲ್ವಿಚಾರಣೆಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯುಂಟು. ವರ್ತಕನ ಲಾಭಕ್ಕೂ ಮಿತಿಯುಂಟು: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಈಗ ಅಂಥ ಮಿತಿಯಿಲ್ಲದಿದ್ದರೂ ಪೊಟ್ಟಣದ ಮೇಲೆ ಗರಿಷ್ಠ ಬೆಲೆ, ನಿವ್ವಳ ತೂಕ, ತಯಾರಾದ ತಿಂಗಳು ಇವುಗಳನ್ನು ಅಚ್ಚುಹಾಕಲೇಬೇಕೆಂದು 2011ರ ನಿಯಮಗಳು ವಿಧಿಸುತ್ತವೆ. 2021ರ ತಿದ್ದುಪಡಿಯಿಂದ ಗ್ರಾಮಿಗೆ ಅಥವಾ ಕಿಲೋಗ್ರಾಮಿಗೆ ಎಷ್ಟು ಬೆಲೆ ಬಿತ್ತೆಂಬುದನ್ನೂ ತೋರಿಸಬೇಕಾಗಿದೆ. ಇದು ಗೃಹಸ್ಥರಿಗೆ ಬಹಳ ಉಪಕಾರಿ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವೆಂಬ ಭ್ರಮೆಯನ್ನು ಆ ಸಣ್ಣ ಸಾಲು ಹೋಗಲಾಡಿಸುತ್ತದೆ. ಮತ್ತೊಂದು ಸಂಗತಿ: ಸಡಿಲಾಗಿ ತೂಗಿಕೊಟ್ಟ ಅಕ್ಕಿ ಬೇಳೆಗಳಿಗೆ ಇಲ್ಲದ ನೂರಕ್ಕೆ ಐದರ ತೆರಿಗೆ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕಿಲೋಗ್ರಾಮಿನವರೆಗಿನ ಪೊಟ್ಟಣಕ್ಕೆ 2022ರ ಜುಲೈ 18ರಿಂದ ಉಂಟು.

ಮನೆಗೆ ಬಂದು ಚೀಟಿಯನ್ನು ಮುಂದಿಟ್ಟುಕೊಂಡು ಎಲ್ಲರೂ ಕುಳಿತೆವು. ತೊಗರಿಬೇಳೆ ಶೆಟ್ಟರಲ್ಲಿ ಕಿಲೋಗ್ರಾಮಿಗೆ ನೂರೈವತ್ತು. ಮಳಿಗೆಯಲ್ಲಿ ಸಾಧಾರಣದ್ದು ನೂರ ಅರವತ್ತೆಂಟು, ಸಾವಯವವೆಂಬ ಮುದ್ರೆಯುಳ್ಳದ್ದು ಇನ್ನೂರ ನಲವತ್ತೈದು. ಹಾಲಿಗೂ ಉಪ್ಪಿಗೂ ವ್ಯತ್ಯಾಸವಿಲ್ಲ. ಆದರೆ ಮಾತು ಬೆಲೆಯನ್ನು ಬಿಟ್ಟು ಬೇರೆಡೆಗೆ ತಿರುಗಿತು. ನಾನು ಹೊಸದಾಗಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಅನುದಾನ ಬಾರದೆ ಸಂಬಳ ನಾಲ್ಕೈದು ತಿಂಗಳು ನಿಂತುಹೋದದ್ದುಂಟು. ಆಗ ಈಗಿನ ಶೆಟ್ಟರ ತಂದೆಯವರು ಒಂದು ಮಾತನ್ನೂ ಆಡದೆ ಸಾಮಾನನ್ನು ಲೆಕ್ಕದ ಪುಸ್ತಕಕ್ಕೆ ಬರೆದುಕೊಂಡು ಕೊಟ್ಟರು. ಮಗ ಹುಟ್ಟಿದ್ದು ಆ ವರ್ಷ. ಬಾಣಂತಿಯ ಬೆಲ್ಲ, ತುಪ್ಪ, ಓಮ ಎಲ್ಲವೂ ಆ ಪುಸ್ತಕದಲ್ಲಿವೆ. ತೂಗಿದ ಮೇಲೆ ಒಂದು ಹಿಡಿ ಹುರಿಗಡಲೆಯನ್ನು ಕೊಸರು ಹಾಕುವುದನ್ನು ಅವರು ಎಂದೂ ಮರೆತವರಲ್ಲ. ನೂತನ ಮಳಿಗೆಯ ಯಂತ್ರ ಒಂದು ಗ್ರಾಮಿನಷ್ಟೂ ಕಡಮೆ ತೂಗುವುದಿಲ್ಲ. ಒಂದು ಗ್ರಾಮಿನಷ್ಟೂ ಹೆಚ್ಚು ಕೊಡುವುದಿಲ್ಲ. ಸೊಸೆ ಇದನ್ನೆಲ್ಲ ಆ ದಿನವೇ ಮೊದಲ ಸಲ ಕೇಳಿದ್ದು. “ನನಗೆ ಗೊತ್ತಿರಲಿಲ್ಲ, ಅತ್ತೆ. ಆದರೆ ನೀವು ಅಲ್ಲಿಗೆ ಹೋಗಿ ನಿಲ್ಲುವುದಾದರೂ ಹೇಗೆ?” ಎಂದಳು. ಅವಳ ಪ್ರಶ್ನೆಯೂ ನ್ಯಾಯವಾದದ್ದೇ.

ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ತೀರ್ಪು ಹೇಳಿದರು. ಅಕ್ಕಿ, ಬೇಳೆ, ಮೆಣಸಿನಕಾಯಿ, ಹುಣಿಸೆಹಣ್ಣು, ಇಂಗು ಇವು ಶೆಟ್ಟರಲ್ಲಿ; ಏಕೆಂದರೆ ಮುಟ್ಟಿ, ಮುರಿದು, ಮೂಸಿ ನೋಡತಕ್ಕ ಪದಾರ್ಥಗಳಿವು. ಸೊಪ್ಪು ಬಾಗಿಲಿಗೆ ಬರುವ ಹೆಂಗಸಿನ ಬಳಿ. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ನೂತನ ಮಳಿಗೆಗೆ ಹೋಗುವುದು. ಬೆಣ್ಣೆ, ಗಿಣ್ಣು, ಸಾಬೂನು, ಮಗುವಿನ ತಿಂಡಿ ಅಲ್ಲಿಂದ. “ನಡೆಯುವುದಕ್ಕೆ ಅಷ್ಟು ಒಳ್ಳೆಯ ಜಾಗ ಈ ಊರಿನಲ್ಲಿ ನನಗೆ ಬೇರೆ ಕಾಣಲಿಲ್ಲ” ಎಂದರು. ತುರ್ತು ಬಿದ್ದಾಗ ಸೊಸೆಯ ದೂರವಾಣಿ ಇದ್ದೇ ಇದೆ.

ನಾನು ಒಂದು ಕಾಗದ ಬರೆದು, ಒಳಗಿನ ಚೀಟಿಗಳನ್ನು ಕನ್ನಡದಲ್ಲಿಯೂ ಹಾಕಿಸಬೇಕೆಂದು ಶಿಷ್ಯನ ಮೂಲಕ ಮಳಿಗೆಯ ವ್ಯವಸ್ಥಾಪಕರಿಗೆ ಕಳುಹಿಸಿದೆ. ಉತ್ತರವೇನೂ ಬರಲಿಲ್ಲ. ಆದರೆ ಮರುತಿಂಗಳು ಹೋದಾಗ ಹಿಟ್ಟುಗಳ ಸಾಲಿನಲ್ಲಿ ಕೈಬರಹದ ಕನ್ನಡ ಚೀಟಿಗಳು ಅಂಟಿದ್ದವು. ಅಕ್ಷರ ನನ್ನ ಶಿಷ್ಯನದೇ. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಉಳಿದ ಸಾಲುಗಳಲ್ಲಿ ಇನ್ನೂ ಹಳೆಯ ಸ್ಥಿತಿಯೇ ಇದೆ. ಕನ್ನಡಿಗರಾದ ಗಿರಾಕಿಗಳು ಇನ್ನು ಹತ್ತು ಮಂದಿ ಕೇಳಿದರೆ ಅಲ್ಲಿಯೂ ಬರಬಹುದು. ಕೇಳುವುದಕ್ಕೆ ಖರ್ಚಿಲ್ಲ, ವಾಚಕರು ತಮ್ಮ ತಮ್ಮ ಊರುಗಳಲ್ಲಿ ಕೇಳಬೇಕೆಂದು ಪ್ರಾರ್ಥನೆ.

ಶೆಟ್ಟರಿಗೆ ಮಾತ್ರ ಮನೆಯವರೇ ಹೇಳಿಕಳುಹಿಸಿದರು: “ಅಂಗಡಿಯ ಮುಂದೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸಿದರೆ ನಾನೇ ಬಂದು ಆರಿಸುತ್ತೇನೆ.” ಮರುದಿನ ಬೆಳಗ್ಗೆ ಕುರ್ಚಿ ಬಂದಿತ್ತು. ಅದರ ಮೇಲೆ ಈಗ ಬಡಾವಣೆಯ ಬೇರೆ ಮುದುಕರೂ ಬಂದು ಕುಳಿತುಕೊಳ್ಳುತ್ತಾರೆಂದೂ, ತನಗೆ ವ್ಯಾಪಾರ ಸ್ವಲ್ಪ ಹೆಚ್ಚಿದೆಯೆಂದೂ ಶೆಟ್ಟರು ಮೊನ್ನೆ ಹೇಳಿದರು.